ಬೆರಳುಗುರಿನಷ್ಟು ಕುದುರೆ, ಅರ್ಧ ಲೀಟರ್ ಉಸಿರು

ಪುಟ್ಟ ಕಡಲಕುದುರೆಯನ್ನು ನೋಡಲು ನೀರಿಗಿಳಿಯುವ ಮೊದಲು ಒಂದು ತಕರಾರು. ಡೈವರ್ ಬೆನ್ನಿಗಿರುವುದು ‘ಆಕ್ಸಿಜನ್ ಸಿಲಿಂಡರ್’ ಅಲ್ಲ. ನಾವು ಉಸಿರಾಡುವ ಮಾಮೂಲಿ ಗಾಳಿಯನ್ನೇ 200 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು) ಒತ್ತಡದಲ್ಲಿ ತುರುಕಿದ ಡಬ್ಬಿ ಅದು. ಶುದ್ಧ ಆಮ್ಲಜನಕ ಹೊತ್ತು 25 ಮೀಟರ್ ಇಳಿದರೆ ಫಿಟ್ಸ್ ಬಂದು ಪ್ರಾಣವೇ ಹೋದೀತು.

25 ಮೀಟರ್ ಯಾಕೆ? ಪಿಗ್ಮಿ ಕಡಲಕುದುರೆ ಎಂಬ ಕುಳ್ಳ ಮೀನಿನ ಮನೆ ಅಲ್ಲೆಲ್ಲೋ ಇರುತ್ತದೆ. ಇಂಡೋನೇಷ್ಯಾದ ಸುಲವೇಸಿಗೂ ಲೆಂಬೆ ದ್ವೀಪಕ್ಕೂ ನಡುವಿನ ಜಲಸಂಧಿಯಲ್ಲಿ, ಜ್ವಾಲಾಮುಖಿಯ ಕರಿಮರಳಿನ ಪಕ್ಕದಲ್ಲಿ, ಮ್ಯೂರಿಸೆಲ್ಲಾ ಎಂಬ ಬೀಸಣಿಗೆ ಹವಳದ ಕಡ್ಡಿಗೆ ಬಾಲ ಸುತ್ತಿಕೊಂಡಿರುತ್ತದೆ. ಉದ್ದ ಸುಮಾರು 2 ಸೆಂ.ಮೀ. ಹವಳದ ಮುಚ್ಚಿದ ಮೊಗ್ಗಿನಂಥದೇ ಗುಳ್ಳೆ ಮೈತುಂಬ. 1969ರಲ್ಲಿ ನ್ಯೂ ಕ್ಯಾಲೆಡೋನಿಯಾದ ಜಾರ್ಜ್ ಬಾರ್ಗಿಬಾಂ ಅಕ್ವೇರಿಯಂಗೆಂದು ಹವಳ ಕಿತ್ತು ತಂದು ಪರೀಕ್ಷಿಸುವಾಗಷ್ಟೇ ಇದು ಮನುಷ್ಯರ ಲೆಕ್ಕಕ್ಕೆ ಸಿಕ್ಕಿತು. ಮರುವರ್ಷ ಅವರದೇ ಹೆಸರಿನಲ್ಲಿ ನಾಮಕರಣವೂ ಆಯಿತು.

ಅಷ್ಟು ಆಳದಲ್ಲಿ ಕೆಂಪು ಬೆಳಕು ಉಳಿದಿರುವುದಿಲ್ಲ, ಟಾರ್ಚ್ ಬೇಕೇ ಬೇಕು. ಆದರೆ ನೀರಿನಲ್ಲಿ ಏರದೆ ಇಳಿಯದೆ ನಿಲ್ಲಿಸಿ ಕುದುರೆಯನ್ನು ತೋರಿಸುವುದು ನಿಜಕ್ಕೂ ಶ್ವಾಸಕೋಶ. ಬಾವಿಯಲ್ಲಿ ಈಜು ಕಲಿಯುವ ಹುಡುಗರ ಬೆನ್ನಿಗೆ ಕಟ್ಟುವ ಸೋರೆಬುರುಡೆ ನೆನೆಯಿರಿ. ನಿಮ್ಮ ಎದೆಗೂಡೇ ಆ ಬುರುಡೆ, ಆದರೆ ಹಿಗ್ಗಿ ಕುಗ್ಗುವ ಬುರುಡೆ. ಅರ್ಧ ಲೀಟರ್ ಹೆಚ್ಚು ಎಳೆದಿರೋ, ಅರ್ಧ ಕಿಲೋದಷ್ಟು ಮೇಲ್ತಳ್ಳು. ಅದೂ ತಕ್ಷಣವಲ್ಲ, ಎರಡು ಮೂರು ಸೆಕೆಂಡು ತಡವಾಗಿ. ಬಿಸಿನೀರಿನ ನಲ್ಲಿ ತಿರುಗಿಸಿ, ಬಿಸಿ ಬರಲಿಲ್ಲವೆಂದು ಇನ್ನಷ್ಟು ತಿರುಗಿಸಿ, ಕೊನೆಗೆ ಕೈ ಸುಟ್ಟುಕೊಳ್ಳುತ್ತೇವಲ್ಲ, ಹಾಗೆ. ಮೇಲೇಳುವ ಮೊದಲೇ ಉಸಿರು ಬಿಡಬೇಕು. ಹಾಗಂತ ಉಸಿರು ಕಟ್ಟಕೂಡದು: ಮೇಲೇರುತ್ತ ಗಾಳಿ ಹಿಗ್ಗಿದರೆ ಶ್ವಾಸಕೋಶವೇ ಹರಿದೀತು.

ಹೊಸಬರು ಕೆಡುವುದು ಸೀಸದ ತೂಕದಲ್ಲಿ. ಮುಳುಗುವ ಆತುರಕ್ಕೆ ಎರಡು ಕಿಲೋ ಹೆಚ್ಚು ಕಟ್ಟುತ್ತಾರೆ, ಅದನ್ನು ಸರಿದೂಗಿಸಲು ಜಾಕೆಟ್‌ಗೆ ಎರಡು ಲೀಟರ್ ಗಾಳಿ ತುಂಬುತ್ತಾರೆ. ಆ ಗಾಳಿ ಏರಿದಷ್ಟೂ ಹಿಗ್ಗುತ್ತದೆ, ಇಳಿದಷ್ಟೂ ಕುಗ್ಗುತ್ತದೆ. ಆಮೇಲೆ ನಿಂತಲ್ಲಿ ನಿಲ್ಲುವ ಮಾತೇ ಇಲ್ಲ. ಮೊಣಕಾಲು ಮಡಚಿ, ಕಪ್ಪೆಯಂತೆ ಒದೆಯಬೇಕು. ಇಲ್ಲವಾದರೆ ಮರಳೆದ್ದು ಟಾರ್ಚ್ ಮುಂದೆ ಮಂಜು. ಹವಳದ ಕೆಳಹರಿವಿನ ಬದಿಗೆ ನಿಂತರೆ ಪ್ರವಾಹ ನಿಮ್ಮನ್ನು ಅದರ ಮೇಲೆ ನೂಕದೆ ದೂರ ಸರಿಸುತ್ತದೆ.

ಸಮಯವೂ ಕಡಿಮೆ. 12 ಲೀಟರ್ ಸಿಲಿಂಡರಿನಲ್ಲಿ 2,400 ಲೀಟರ್ ಗಾಳಿ. ಆಪತ್ತಿಗೆಂದು 50 ಬಾರ್ ಕಾಯ್ದಿಟ್ಟರೆ 1,800. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಸೇದುವವರಿಗೆ 25 ಮೀಟರಿನಲ್ಲಿ ಒತ್ತಡ ಮೂರೂವರೆ ಪಟ್ಟಾದ್ದರಿಂದ ಗಾಳಿಯೂ ಅಷ್ಟೇ ಪಟ್ಟು ಬೇಕು, ಅಂದರೆ 70. ಸಿಗುವುದು 25 ನಿಮಿಷ, ಇಳಿದು ಹತ್ತುವುದೂ ಅದರಲ್ಲೇ. ಕುದುರೆಯೋ, ಟಾರ್ಚ್ ಬೆಳಕು ಬಿದ್ದೊಡನೆ ಎಷ್ಟೋ ಸಲ ಬೆನ್ನು ತಿರುಗಿಸಿಬಿಡುತ್ತದೆ.