ಹೊರಗೆ ಸುಮ್ಮನಿರುವ ಮರಿ ಒಳಗೆ ಬಂದಕೂಡಲೇ ಉಚ್ಚೆ ಮಾಡುವುದೇಕೆ?

ಪ್ರಶ್ನೆ: ಹತ್ತು ವಾರದ ನಾಯಿಮರಿ ತಂದಿದ್ದೇವೆ. ಅರ್ಧ ಗಂಟೆ ಕೆಳಗೆ ಸುತ್ತಾಡಿಸಿದರೂ ಒಂದು ಹನಿ ಹೊಯ್ಯುವುದಿಲ್ಲ. ಮನೆಯೊಳಗೆ ಕಾಲಿಟ್ಟಕೂಡಲೇ ಸೋಫಾ ಹಿಂದೆ ಹೋಗಿ ಮುಗಿಸುತ್ತದೆ. ಬೈದೆವು, ಮೂತಿಯನ್ನು ಅಲ್ಲಿಗೇ ಒತ್ತಿ ತೋರಿಸಿದೆವು. ಏನು ಮಾಡಿದರೂ ಕಲಿಯುತ್ತಿಲ್ಲ.

ಉತ್ತರ: ಕಲಿತಿದೆ, ಆದರೆ ನೀವು ಅಂದುಕೊಂಡ ಪಾಠವನ್ನಲ್ಲ. ಬೈಸಿಕೊಂಡ ಮರಿಗೆ ಜಾಗ ತಪ್ಪು ಎಂದು ಗೊತ್ತಾಗುವುದಿಲ್ಲ. ಮನುಷ್ಯರ ಕಣ್ಣೆದುರು ಉಚ್ಚೆ ಮಾಡಿದರೆ ಅಪಾಯ ಎಂದಷ್ಟೇ ಗೊತ್ತಾಗುತ್ತದೆ. ಹೊರಗೆ ಚೈನ್ ಹಿಡಿದು ಪಕ್ಕದಲ್ಲೇ ನಿಂತಿರುವವರೂ ನೀವೇ ತಾನೆ? ಅದಕ್ಕೇ ತಡೆದುಕೊಳ್ಳುತ್ತದೆ, ಒಳಗೆ ಬಂದು ಮರೆ ಹುಡುಕುತ್ತದೆ. ಮೂತಿ ಒತ್ತುವುದನ್ನು ಇವತ್ತೇ ನಿಲ್ಲಿಸಿ.

ಇನ್ನು ಸುತ್ತಾಡಿಸುವ ವಿಚಾರ. ಮರಿಗಳ ಜೀವಕ್ಕೇ ಕುತ್ತು ತರುವ ವಾಂತಿಭೇದಿಯ ವೈರಸ್ ಪಾರ್ವೊ. ಅದರ ಲಸಿಕೆಯ ಡೋಸ್‌ಗಳು ಸಾಮಾನ್ಯವಾಗಿ 16 ವಾರದವರೆಗೂ ನಡೆಯುತ್ತವೆ, ಆ ವೈರಸ್ಸೋ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಈಗ ಬೀದಿ ಬೇಡ. ಬೇರೆ ನಾಯಿಗಳು ಬಾರದ ಟೆರೇಸಿನ ಮೂಲೆಯೋ, ಬಾಲ್ಕನಿಯಲ್ಲಿ ಹುಲ್ಲು ಹಾಸಿದ ಟ್ರೇಯೋ ಸಾಕು. ದಿನವೂ ಅದೇ ಜಾಗಕ್ಕೆ ಎತ್ತಿಕೊಂಡು ಹೋಗಿ ಇಳಿಸಿ. ನಿದ್ದೆಯಿಂದ ಎದ್ದ ತಕ್ಷಣ, ಆಟ ಮುಗಿದ ಮೇಲೆ, ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ. ಹೊಟ್ಟೆ ತುಂಬಿದಾಗ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತನ್ನು ಬಿಡಬೇಡಿ. ಎರಡು ಮೂರು ತಿಂಗಳ ಮರಿ ಎಚ್ಚರವಿದ್ದಾಗ ಎರಡು ಗಂಟೆ ತಡೆದುಕೊಂಡರೆ ಅದೇ ಹೆಚ್ಚು.

ಇಳಿಸಿದ ಮೇಲೆ ಮಾತಾಡಿಸಬೇಡಿ, ಆಡಿಸಬೇಡಿ. ಮರದಂತೆ ನಿಂತಿರಿ. ಮರಿ ಮೂಗು ನೆಲಕ್ಕಿಟ್ಟು ಒಂದೇ ಕಡೆ ಗಿರಕಿ ಹೊಡೆಯುತ್ತದೆ, ಹಿಂಗಾಲು ಬಗ್ಗಿಸುತ್ತದೆ. ಆಗಲೂ ಬಾಯಿ ಬಿಡಬೇಡಿ. ಬೆಚ್ಚಿ ಅರ್ಧಕ್ಕೇ ಎದ್ದುಬಿಡುತ್ತದೆ. ಮುಗಿಸಿ ನೆಟ್ಟಗಾದ ಆ ಕ್ಷಣ ‘ಜಾಣಮರಿ’ ಎಂದು ಹೇಳಿ, ಕೈಯಲ್ಲಿ ಮೊದಲೇ ಇಟ್ಟುಕೊಂಡ ಬೇಯಿಸಿದ ಕೋಳಿಯ ಚೂರನ್ನೋ, ಉಗುರಿನಷ್ಟು ಪನೀರನ್ನೋ ಅಲ್ಲೇ ಕೊಡಿ. ಬಿಸ್ಕತ್ತು ಅಡುಗೆಮನೆಯಲ್ಲಿದೆ ಎಂದು ಒಳಗೆ ಕರೆತಂದು ಕೊಟ್ಟಿರೋ, ಒಳಗೆ ಬಂದದ್ದಕ್ಕೆ ಬಹುಮಾನ ಕೊಟ್ಟಂತಾಯಿತು! ಒಂದೆರಡು ಸೆಕೆಂಡ್ ತಡವಾದರೂ ಮರಿಗೆ ಲೆಕ್ಕ ತಪ್ಪುತ್ತದೆ.

ಆಟ ಇರುವುದು ಅದಾದ ಮೇಲೆ. ಉಚ್ಚೆಯಾದ ಕೂಡಲೇ ಒಳಗೆ ಎಳೆದು ತಂದರೆ, ತಡೆದುಕೊಂಡಷ್ಟೂ ಹೊರಗಿರಬಹುದು ಎಂದು ಮರಿ ಕಂಡುಕೊಳ್ಳುತ್ತದೆ. ಹತ್ತು ನಿಮಿಷವಾದರೂ ಏನೂ ಮಾಡಲಿಲ್ಲವೇ? ಒಳಗೆ ತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ಮಡಿಲಲ್ಲೇ ಇಟ್ಟುಕೊಂಡು ಕಾಲು ಗಂಟೆಯಲ್ಲಿ ಮತ್ತೆ ಅದೇ ಜಾಗಕ್ಕೆ ಹೋಗಿ.

ಸೋಫಾ ಹಿಂದಿನ ನೆಲಕ್ಕೆ ಫಿನೈಲ್ ಹಾಕಬೇಡಿ. ನಮ್ಮ ಮೂಗಿಗೆ ವಾಸನೆ ಹೋದಂತಾದರೂ ಅದರ ಮೂಗಿಗೆ ಹೋಗಿರುವುದಿಲ್ಲ. ಮೇಲಾಗಿ ನೆಕ್ಕಿದರೆ ವಿಷ. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ, ಉಚ್ಚೆಯ ವಾಸನೆಯ ಮೂಲವನ್ನೇ ಒಡೆದುಹಾಕುವ ಎಂಜೈಮ್ ಕ್ಲೀನರ್ ಬಳಸಿ.

ಅಂದಹಾಗೆ, ನೀವು ಬಾಗಿದಾಗ ಕಿವಿ ಮಡಚಿ, ಮೈ ಕುಗ್ಗಿಸಿ ಎರಡು ಹನಿ ಬಿಡುತ್ತಿದ್ದರೆ ಅದು ಭಯ, ಬೈದಷ್ಟೂ ಹೆಚ್ಚುತ್ತದೆ. ಗಳಿಗೆಗೊಮ್ಮೆ ಕುಳಿತು ಹನಿಹನಿಯಾಗಿ ಹೊಯ್ಯುತ್ತಿದ್ದರೆ, ಮುಲುಗುತ್ತಿದ್ದರೆ ಅಥವಾ ಉಚ್ಚೆಯಲ್ಲಿ ರಕ್ತ ಕಂಡರೆ ತರಬೇತಿಯ ಮಾತು ಪಕ್ಕಕ್ಕಿಟ್ಟು ಅಂದೇ ಪಶುವೈದ್ಯರಿಗೆ ತೋರಿಸಿ. ಮೂತ್ರನಾಳದ ಸೋಂಕು ಇರಬಹುದು.