ಅಪ್ಪನಿಗೆ ನಾನೇ ಅಂಗಿ ತೊಡಿಸಿದರೆ ತಪ್ಪೇ?

ಪ್ರಶ್ನೆ: ಪಾರ್ಶ್ವವಾಯು ಆಗಿರುವ ತಂದೆಗೆ ನಾನೇ ಅಂಗಿ ತೊಡಿಸುತ್ತೇನೆ. ‘ಅವರೇ ಹಾಕಿಕೊಳ್ಳಲಿ, ನೀವು ಮುಟ್ಟಬೇಡಿ’ ಎನ್ನುತ್ತಾರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ಕಲಿಸುವ ಚಿಕಿತ್ಸಕರು). ಹೆತ್ತವರ ಸೇವೆ ಮಾಡುವುದೂ ತಪ್ಪೇ?

ಉತ್ತರ: ತಪ್ಪಲ್ಲ. ಥೆರಪಿಸ್ಟ್ ಹೇಳುವುದರಲ್ಲೂ ಅರ್ಥವಿದೆ, ಬಳಸದ ಕೈ ಇನ್ನಷ್ಟು ಹಿಂದೆ ಬೀಳುತ್ತದೆ. ಆದರೆ ‘ಒಬ್ಬರೇ ಮಾಡಿಕೊಂಡರೆ ಮಾತ್ರ ಗುಣ’ ಎಂಬ ಅಳತೆ ಎಲ್ಲ ಸಮಾಜಗಳದ್ದೂ ಅಲ್ಲ. ಈ ವೃತ್ತಿ ಸಂಘಟಿತ ರೂಪ ಪಡೆದದ್ದು 1917ರಲ್ಲಿ, ಅಮೆರಿಕದಲ್ಲಿ. 1965ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಬಾರ್ಥೆಲ್ ಸೂಚ್ಯಂಕ ಊಟ, ಸ್ನಾನ, ಉಡುಪು, ನಡಿಗೆಯಂಥ ದಿನನಿತ್ಯದ ಕೆಲಸಗಳಿಗೆ ಒಟ್ಟು 100 ಅಂಕ ಕೊಡುತ್ತದೆ. ಇನ್ನೊಬ್ಬರ ನೆರವು ಪಡೆದರೆ ಅಂಕ ಕಡಿಮೆ. ಪ್ರಾರ್ಥನೆಗೆ ಅದರಲ್ಲಿ ಜಾಗವೇ ಇಲ್ಲ.

ಬಲಭಾಗ ಸೋತ ಒಬ್ಬ ಮುಸ್ಲಿಂ ಹಿರಿಯರನ್ನು ನೆನೆಯಿರಿ. ಎಡಗೈಗೆ ಚಮಚ ಕೊಟ್ಟು ‘ಉಣ್ಣಿ’ ಎಂದರೆ ಅವರು ಹಿಂಜರಿಯುತ್ತಾರೆ, ಏಕೆಂದರೆ ಆ ಕೈ ಇರುವುದು ಶೌಚಕ್ಕೆ. ಇದನ್ನು ಹಟ ಎಂದು ಬರೆದುಕೊಂಡರೆ ಅನ್ಯಾಯ. ಅದೇ ಹಿರಿಯರಿಗೆ ವುಜೂ, ಅಂದರೆ ನಮಾಜಿಗೆ ಮುನ್ನ ನೀರಿನಿಂದ ಶುದ್ಧಿ, ಮಾಡುವ ಹಂಬಲವಿರುತ್ತದೆ. ಮುಖ ತೊಳೆಯಬೇಕು, ಮೊಣಕೈವರೆಗೆ ನೀರು ಹಾಕಬೇಕು, ತಲೆ ಸವರಬೇಕು, ಬಾಗಿ ಪಾದ ತೊಳೆಯಬೇಕು. ಭುಜ ಏಳುತ್ತದೆ, ಸೊಂಟ ಬಾಗುತ್ತದೆ, ಕೂತಲ್ಲೇ ಸಮತೋಲನ ಪಳಗುತ್ತದೆ. ಇದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ನಾನಂತೂ ಕಾಣೆ, ಯಾರೂ ಒತ್ತಾಯಿಸದೆಯೂ ದಿನಕ್ಕೆ ಹಲವು ಸಲ ನಡೆಯುವಂಥದ್ದು. ಆಗದಿದ್ದಾಗ ಕೂತು, ಮಲಗಿ ನಮಾಜ್ ಮಾಡಲು, ನೀರು ಬಳಸಲಾಗದಾಗ ಶುದ್ಧ ಮಣ್ಣಿನಿಂದ ತಯಮ್ಮುಮ್ ಎಂಬ ಶುದ್ಧಿ ಮಾಡಲು ಧರ್ಮವೇ ಅವಕಾಶ ಕೊಟ್ಟಿದೆ. ಥೆರಪಿಸ್ಟ್‌ಗೆ ಇದು ಗೊತ್ತಿದ್ದರೆ ಎಷ್ಟು ದಾರಿ ತೆರೆಯುತ್ತದೆ! ಹೆಣ್ಣುಮಕ್ಕಳಿಗೆ ಸ್ನಾನ, ಉಡುಪಿನ ತರಬೇತಿಯನ್ನು ಮಹಿಳೆಯೇ ಕೊಡಲಿ ಎಂಬ ಕೋರಿಕೆಯೂ ಹೀಗೆಯೇ, ಕೇಳಲು ಸಂಕೋಚ ಬೇಡ.

ಜಪಾನಿನಲ್ಲಿ ಚಿಕಿತ್ಸಕರು ಈ ಇಕ್ಕಟ್ಟನ್ನು ನೇರವಾಗಿ ಎದುರಿಸಿದರು. ಅಲ್ಲಿ ರೂಪುಗೊಂಡು, ಆಕ್ಯುಪೇಷನಲ್ ಥೆರಪಿಸ್ಟ್ ಮೈಕೆಲ್ ಇವಾಮಾ ಅವರ 2006ರ ಪುಸ್ತಕದಿಂದ ಹೆಸರಾದದ್ದು ‘ಕಾವಾ’ ಮಾದರಿ. ಕಾವಾ ಎಂದರೆ ನದಿ. ನೀರು ಬದುಕು, ಬಂಡೆಗಳು ಕಷ್ಟಗಳು, ದಡ ಮತ್ತು ತಳ ಸುತ್ತಲಿನ ಜನ, ಪರಿಸರ. ತೇಲಿಬರುವ ಮರದ ತುಂಡು ನಂಬಿಕೆ, ಸ್ವಭಾವಗಳಂಥವು. ಹರಿವಿಗೆ ಅಡ್ಡ ಬರಲೂಬಹುದು, ಬಂಡೆಯನ್ನು ಸರಿಸಲೂಬಹುದು. ರೋಗಿ ಒಬ್ಬಂಟಿಯಾಗಿ ಏನು ಮಾಡಬಲ್ಲರು ಎನ್ನುವುದಕ್ಕಿಂತ ನೀರು ಎಲ್ಲೆಲ್ಲಿ ಹರಿಯಬಲ್ಲದು ಎಂದು ಅದು ಹುಡುಕುತ್ತದೆ.

ನಿಮ್ಮ ಮನೆಯ ವಿಷಯಕ್ಕೆ ಬಂದರೆ, ಥೆರಪಿಸ್ಟ್ ಜತೆ ಕೂತು ಕೆಲಸ ಹಂಚಿಕೊಳ್ಳಿ. ಸೋತ ಕೈಯನ್ನು ಮೊದಲು ಅಂಗಿಯ ತೋಳಿಗೆ ತೂರಿಸುವುದು ತಂದೆಯವರ ಪಾಲು, ಎಷ್ಟು ಹೊತ್ತಾದರೂ ಕಾಯಿರಿ. ಗುಂಡಿ ಹಾಕುವುದು ನಿಮ್ಮ ಪಾಲಿಗಿರಲಿ.