ಛಲಕ್ಕೂ ಒಂದು ಟೈಮ್‌ಟೇಬಲ್ ಬೇಕು

ಅಡಿಕೆ ಮರದಿಂದ ಬಿದ್ದವರಿರಲಿ, ಬೈಕ್ ಅಪಘಾತದಲ್ಲಿ ಬೆನ್ನು ಮುರಿದುಕೊಂಡವರಿರಲಿ, ಮನೆಯವರ ಮೊದಲ ಪ್ರಶ್ನೆ ಒಂದೇ: "ಎದ್ದು ಓಡಾಡ್ತಾರಾ?" ಆಪರೇಷನ್‌ನಲ್ಲಿ ರಾಡು, ಸ್ಕ್ರೂ ಹಾಕುವುದು ಮುರಿದ ಮೂಳೆ ಅಲುಗಾಡದಿರಲಿ ಎಂದು. ಒಳಗೆ ಜಜ್ಜಿಹೋಗಿ ಕಾಲಿನ ಸ್ವಾಧೀನ ತಪ್ಪಿಸಿದ ನರದ ಹುರಿಯನ್ನು (ಬೆನ್ನುಹುರಿಯನ್ನು) ಅದು ಕೂಡಿಸುವುದಿಲ್ಲ.

ಕೆಲವು ವಾರಗಳ ನಂತರ ಕಾಲು ತಾನಾಗಿ ಝಾಡಿಸತೊಡಗುತ್ತದೆ. ದೇವರು ಕಣ್ಣು ಬಿಟ್ಟ ಎಂದು ಮನೆಯಲ್ಲಿ ಸಂಭ್ರಮ. ಆದರೆ ಅದು ಮಿದುಳಿನ ಅಪ್ಪಣೆ ಇಲ್ಲದೆ, ಪೆಟ್ಟಿನ ಕೆಳಗಿನ ಹುರಿ ತಾನೇ ಕೊಡುವ ಸೆಳೆತ. ನೋಡಬೇಕಾದ್ದು ಬೇರೆ: "ಹೆಬ್ಬೆರಳು ಆಡಿಸಿ" ಎಂದಾಗ ಆಡುತ್ತದೆಯೇ? ಮಲದ್ವಾರದ ಸುತ್ತ ಮುಟ್ಟಿದ್ದು ತಿಳಿಯುತ್ತದೆಯೇ, ಅಲ್ಲಿ ಬಿಗಿಹಿಡಿಯಲು ಬರುತ್ತದೆಯೇ? ಈ ಕೊನೆಯ ಎರಡರಲ್ಲಿ ಒಂದಿದ್ದರೂ ಪೆಟ್ಟು ಅಪೂರ್ಣ, ಚೇತರಿಕೆಯ ಸಾಧ್ಯತೆ ಹೆಚ್ಚು. ಬರುವ ಶಕ್ತಿಯ ದೊಡ್ಡ ಪಾಲು ಬರುವುದು ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ. ಆ ಸಮಯದಲ್ಲಿ ಬೆನ್ನಿಗೆ ಹುಣ್ಣಾಗಿ ಮಲಗಿದ್ದರೆ ವ್ಯಾಯಾಮ ನಿಂತಂತೆಯೇ.

ಹಾಗಾಗಿ ಛಲದ ಮೊದಲ ಪಾಲು ಚರ್ಮಕ್ಕೆ. ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಡಬೇಡಿ, ರಾತ್ರಿಯೂ. ವೀಲ್‌ಚೇರ್‌ನಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಎದೆ ಮಂಡಿಗೆ ತಾಗುವಂತೆ ಮುಂದಕ್ಕೆ ಬಾಗಿ ಎರಡು ನಿಮಿಷ ಇರಬೇಕು. ಕೈಯೂರಿ ಅಷ್ಟು ಹೊತ್ತು ಎದ್ದಿರಲು ಹೆಚ್ಚಿನವರಿಗೆ ಆಗದು. ಬೆಳಿಗ್ಗೆ, ರಾತ್ರಿ ಮೊಬೈಲ್‌ನಲ್ಲಿ ಫೋಟೊ ತೆಗೆದು ಬೆನ್ನಿನ ಬುಡ, ಪೃಷ್ಠದ ಮೂಳೆ, ಹಿಮ್ಮಡಿ ನೋಡಿ. ನಮ್ಮ ಮೈಬಣ್ಣಕ್ಕೆ ಕೆಂಪು ಕಾಣದಿರಬಹುದು. ಕಪ್ಪಾಗಿದೆಯೇ, ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಮುಟ್ಟಿ ನೋಡಬೇಕು. ಅಂಥ ಜಾಗದ ಮೇಲೆ ಅದು ಮಾಯುವವರೆಗೆ ಭಾರ ಬೀಳಬಾರದು. ಅಲ್ಲಿ ಎಣ್ಣೆ ಹಾಕಿ ತಿಕ್ಕಬೇಡಿ. ಗಾಳಿ ತುಂಬಿದ ರಿಂಗ್ ದಿಂಬೂ ಬೇಡ, ಸುತ್ತಲಿನ ರಕ್ತ ಸಂಚಾರವನ್ನೇ ಅದು ಒತ್ತುತ್ತದೆ. ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಶಾಖವಂತೂ ಬೇಡವೇ ಬೇಡ.

ಎರಡನೆಯದು ಮೂತ್ರಚೀಲ. ಬಟ್ಟೆ ಒದ್ದೆಯಾಗುತ್ತದೆಂದು ನೀರು ಕಡಿಮೆ ಮಾಡುವುದು ಎಲ್ಲ ಮನೆಗಳಲ್ಲಿ ಕಾಣುವ ತಪ್ಪು. ಆಗಾಗ ಪೈಪ್ ಹಾಕಿ ಮೂತ್ರ ತೆಗೆಯುವ ಕ್ರಮ ಕಲಿಸಿದ್ದರೆ, ನಾಲ್ಕರಿಂದ ಆರು ಗಂಟೆಗೊಮ್ಮೆ ಖಾಲಿ ಮಾಡಿ, ಬಂದ ಅಳತೆ ಬರೆದಿಡಿ. ಒಂದು ಸಲಕ್ಕೆ 500 ಮಿ.ಲೀ. ದಾಟುತ್ತಿದ್ದರೆ ಅಂತರ ಕಡಿಮೆ ಮಾಡಬೇಕು. ಚೀಲ ಅತಿಯಾಗಿ ಹಿಗ್ಗಿದರೆ ಒತ್ತಡ ಹಿಂದಕ್ಕೆ, ಕಿಡ್ನಿಗೆ ಹೋಗುತ್ತದೆ.

ಬೆನ್ನೆಲುಬಿನಲ್ಲಿ ಎದೆಭಾಗದ 6ನೇ ಮೂಳೆ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇನ್ನೊಂದು ಗಂಡಾಂತರವಿದೆ: ದಿಢೀರ್ ತಲೆ ಸಿಡಿತ, ಮುಖ ಕೆಂಪೇರಿ ಬೆವರು, ಬಿಪಿ ಜಿಗಿತ. ಮಲಗಿಸಬೇಡಿ. ಕೂರಿಸಿ, ಕಾಲು ಇಳಿಬಿಟ್ಟು, ಬಟ್ಟೆ ಸಡಿಲಿಸಿ, ಮೂತ್ರದ ಪೈಪ್ ಇದ್ದರೆ ಅದು ಮಡಚಿದೆಯೇ ನೋಡಿ. ಹೆಚ್ಚಾಗಿ ಕಾರಣ ತುಂಬಿದ ಮೂತ್ರಚೀಲ, ಇಲ್ಲವೇ ಕಟ್ಟಿಕೊಂಡ ಮಲ. ಬೇಗ ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು.

ದೇವರನ್ನು ನಂಬಿದವರು ವೈದ್ಯವನ್ನು ಬಿಡುತ್ತಾರೆಂದು ಹೆದರುವ ಸಹೋದ್ಯೋಗಿಗಳಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ದಿನಾ ಬೆಳಿಗ್ಗೆ ಪೂಜೆ ತಪ್ಪಿಸದ ಮನೆಗೆ ಮಗ್ಗುಲು ಬದಲಿಸುವ ಶಿಸ್ತೂ ಬೇಗ ಒಗ್ಗುತ್ತದೆ. 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಆಳವಾದ ದೈವಭಕ್ತೆ. ಆಕೆ ವೀಲ್‌ಚೇರ್‌ನಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು, 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರ ಆರಂಭವಾಗಲು ಕಾರಣರಾದರು. ಕಾಲು ಮರಳಿ ಬರಲಿಲ್ಲ. ಅದಕ್ಕಾಗಿ ಕೆಲಸ ಕಾಯಲೂ ಇಲ್ಲ.

ಹರಕೆ ಸಲ್ಲಿಸಲು ಹೊರಟರೆ ಖಂಡಿತ ಹೋಗಿ ಬನ್ನಿ. ಕಾರಿನ ಸೀಟಿಗೂ ವೀಲ್‌ಚೇರ್ ಕುಶನ್ನೇ ಹಾಕಿ, ದಾರಿಯಲ್ಲೂ ಭಾರ ಬದಲಿಸುತ್ತಿರಿ, ಪೈಪ್ ಹಾಕುವ ಹೊತ್ತಿಗೆ ಸರಿಯಾಗಿ ಎಲ್ಲಿ ನಿಲ್ಲಿಸುವುದೆಂದು ಮೊದಲೇ ಯೋಚಿಸಿ. ದೇವಸ್ಥಾನದ ಕಲ್ಲು ಹಾಸು ಮಧ್ಯಾಹ್ನಕ್ಕೆ ಕಾದಿರುತ್ತದೆ. ಫುಟ್‌ರೆಸ್ಟ್‌ನಿಂದ ಜಾರಿದ ಬರಿಗಾಲಿಗೆ ಬೊಬ್ಬೆ ಎದ್ದರೂ ಅವರಿಗೆ ಗೊತ್ತಾಗದು. ದರ್ಶನಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು, ಕಾಲಿಗೆ ದಪ್ಪ ಸಾಕ್ಸ್ ಇರಲಿ.